ಕೆಂಪು ಕಿವಿಯ ಕಂಬ

ಕೆಚಿಕನ್‌ನ ಹಡಗುಕಟ್ಟೆಯಲ್ಲಿ ಇಳಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಮಳೆಯ ಲೆಕ್ಕ ಬರೆದಿಟ್ಟ ಒಂದು ಎತ್ತರದ ಹಲಗೆ. ಇಲ್ಲಿ ವರ್ಷಕ್ಕೆ ಸುಮಾರು 150 ಇಂಚು ಮಳೆ. 1949ರಲ್ಲಿ ಅದು 202 ಇಂಚು ದಾಟಿತ್ತಂತೆ. ಆಗುಂಬೆಯ ಅರ್ಧದಷ್ಟೇ ಆದರೂ ನಮ್ಮಲ್ಲಿಯ ಹಾಗೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವ ಜಾತಿಯದಲ್ಲ, ವರ್ಷವಿಡೀ ಜಿನುಗುತ್ತಲೇ ಇರುತ್ತದೆ. ಊರಿನವರು ಅದನ್ನು ‘ನೀರಾದ ಬಿಸಿಲು’ ಎಂದು ಕರೆದು ತಾವೇ ನಗುತ್ತಾರೆ.

“ಟೊಪ್ಪಿ ಇಟ್ಕೊಳ್ಳಿ ಅಂತ ನಿನ್ನೆಯೇ ಹೇಳಿದ್ದೆ ಮಾವ” ಎಂದ ಅಕ್ಕನ ಮಗ.

“ಕರಾವಳಿಯವನಿಗೆ ಮಳೆ ಹೊಸತೇನೋ?” ಎಂದೆ. ಐದು ನಿಮಿಷ ನಡೆಯುವಷ್ಟರಲ್ಲಿ ಕಿವಿ ಚುರುಗುಟ್ಟತೊಡಗಿತು. ಆಗಸ್ಟ್ ತಿಂಗಳಾದರೂ ಇದು ಅಲಾಸ್ಕಾದ ಮಳೆ; ಅದರ ಹನಿಯೊಳಗೆ ಮಂಜುಗಡ್ಡೆಯ ನೆನಪಿದೆ. ಸೋತೆನೆಂದು ಒಪ್ಪಿಕೊಳ್ಳಲು ಮನಸ್ಸಾಗದೆ ಜಾಕೆಟ್ಟಿನ ಕಾಲರ್ ಎತ್ತಿಕೊಂಡೆ.

ಕೆಚಿಕನ್ ಒಂದು ದ್ವೀಪದ ಅಂಚಿಗೆ ಅಂಟಿಕೊಂಡಿರುವ ಊರು. ಹೊರಗಿನಿಂದ ರಸ್ತೆಯೇ ಇಲ್ಲ. ಬರುವುದಾದರೆ ಹಡಗಿನಲ್ಲಿ ಬರಬೇಕು, ಇಲ್ಲವೇ ವಿಮಾನದಲ್ಲಿ. ಎಂಟು ಸಾವಿರದ ಆಸುಪಾಸಿನ ಜನವಸತಿಯ ಮೇಲೆ ಬೇಸಿಗೆಯಲ್ಲಿ ಒಂದೊಂದು ಹಡಗೂ ಮೂರು ನಾಲ್ಕು ಸಾವಿರ ಜನರನ್ನು ಸುರಿಯುತ್ತದೆ. ಅವರೆಲ್ಲ ಆಭರಣದಂಗಡಿಗಳತ್ತ ಹೊರಳಿದಾಗ ನಾವು ಹೊಳೆಯ ಗುಂಟ ಮೇಲಕ್ಕೆ ನಡೆದೆವು. ಹೊಳೆಯ ತುಂಬ ಸಾಲ್ಮನ್ ಮೀನು. ಕಡಲಿನಿಂದ ತಾವು ಹುಟ್ಟಿದ ನೀರಿಗೇ ಹಿಂತಿರುಗಿ ಮೊಟ್ಟೆಯಿಟ್ಟು ಸಾಯಲೆಂದು ಬಂದವು. ಬಂಡೆಗಳ ನಡುವೆ ಪ್ರವಾಹಕ್ಕೆದುರಾಗಿ ಬಾಲ ಬಡಿಯುತ್ತ, ಒಂದು ಮೊಳ ಏರಿ ಎರಡು ಮೊಳ ಜಾರುತ್ತಿದ್ದವು. ಹೊಳೆಯ ಮೇಲ್ದಂಡೆಯಲ್ಲಿ, ಮರಗಳ ಮರೆಯಲ್ಲಿದೆ ‘ಟೋಟೆಮ್ ಹೆರಿಟೇಜ್ ಸೆಂಟರ್’.

ಟಿಕೆಟ್ ಕೊಂಡು ಒಳಗೆ ಹೋದೆವು. ಟಿಕೆಟ್ಟಿನ ಮಾತು ಆಮೇಲೆ ಬರುತ್ತದೆ.

*

ಟೋಟೆಮ್ ಕಂಬ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೆಂಪು, ಕಪ್ಪು, ಹಸಿರು ಬಣ್ಣ ಬಳಿದ, ಕಣ್ಣರಳಿಸಿ ನಿಂತ ಮುಖಗಳ ಸಾಲು. ಇಲ್ಲಿ ಒಂದಕ್ಕೂ ಬಣ್ಣವಿಲ್ಲ. ಎತ್ತರದ ಚಾವಣಿಯ ಕೆಳಗೆ, ಮಬ್ಬು ಬೆಳಕಿನಲ್ಲಿ, ಬೂದಿ ಬಳಿದುಕೊಂಡ ಹಾಗೆ ಕಂಬಗಳು ನಿಂತಿವೆ. ನಿಲ್ಲಲಾಗದವು ಮಲಗಿವೆ. ಒಂದರ ಮೂಗು ಉದುರಿದೆ, ಇನ್ನೊಂದರ ಮಂಡಿಯ ಕೆಳಗೆ ಏನೂ ಇಲ್ಲ. ನೆತ್ತಿಯ ಮೇಲೆ ಎಂದೋ ಮೊಳೆತ ಗಿಡದ ಬೇರು ಇಳಿದು ಸೀಳಿದ ಗುರುತು ಬೆನ್ನುದ್ದಕ್ಕೂ ಇದೆ. ಪಾಚಿ ಕಿತ್ತ ಜಾಗ ಹಳೆಯ ಗಾಯದ ಕಲೆಯಂತಿದೆ. ಚಾವಣಿಯ ಮೇಲೆ ಮಳೆ ಸಣ್ಣಗೆ ಸದ್ದು ಮಾಡುತ್ತಿತ್ತು. ಬಂದಿದ್ದ ಹತ್ತಾರು ಜನ, ಯಾರೂ ಹೇಳದಿದ್ದರೂ, ಪಿಸುಮಾತಿಗೆ ಇಳಿದಿದ್ದರು.

1976ರಲ್ಲಿ ಶುರುವಾದ ಈ ಕೇಂದ್ರದಲ್ಲಿ 33 ಕಂಬಗಳಿವೆ, ಎಲ್ಲವೂ 19ನೆಯ ಶತಮಾನದವು. ಟಾಂಗಸ್ ದ್ವೀಪ ಮತ್ತು ವಿಲೇಜ್ ದ್ವೀಪಗಳಿಂದ ಬಂದವು ಟ್ಲಿಂಗಿಟ್ ಜನರವು (ಬರೆಯುವುದು ಹೀಗೆ, ಬಾಯಲ್ಲಿ ‘ಕ್ಲಿಂಕಿಟ್’ ಎನ್ನುತ್ತಾರೆ). ಓಲ್ಡ್ ಕಸಾನ್ ಎಂಬ ಊರಿನಿಂದ ಬಂದವು ಹೈಡಾ ಜನರವು. ಆ ಊರುಗಳಲ್ಲಿ ಈಗ ಯಾರೂ ಇಲ್ಲ. ಬಿಳಿಯರ ಹಡಗುಗಳ ಜೊತೆ ಬಂದ ಸಿಡುಬು ಮೊದಲು ಮನೆಮನೆಗಳನ್ನು ಬರಿದು ಮಾಡಿತು. ಉಳಿದವರು 19ನೆಯ ಶತಮಾನದ ಕೊನೆಯಲ್ಲಿ, ಇಪ್ಪತ್ತನೆಯದರ ಮೊದಲಲ್ಲಿ, ಮಕ್ಕಳ ಶಾಲೆಗೆಂದೋ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯ ಕೂಲಿಗೆಂದೋ ಹೊಸ ಊರುಗಳಿಗೆ ಎದ್ದು ಹೋದರು. ಮನುಷ್ಯರು ದೋಣಿ ಹತ್ತಿದರು. ಕಂಬಗಳು ದಡದಲ್ಲೇ ಉಳಿದವು.

ಉಳಿದವೆಂದರೆ ಯಾರೂ ಒಯ್ಯದೆ ಬಿಟ್ಟವು ಎಂದು ಸೇರಿಸಬೇಕು. ಹಡಗು ಹತ್ತುವ ಮುನ್ನ ಅಳಿಯ ನನ್ನನ್ನು ಸಿಯಾಟಲ್‌ನ ಪಯೋನಿಯರ್ ಚೌಕಕ್ಕೆ ಕರೆದೊಯ್ದಿದ್ದ. ಅಲ್ಲೊಂದು ಎತ್ತರದ ಟೋಟೆಮ್ ಕಂಬವಿದೆ. ಅದರ ಕಥೆ ಶುರುವಾಗುವುದು ಇದೇ ಟಾಂಗಸ್ ದ್ವೀಪದಲ್ಲಿ. 1899ರಲ್ಲಿ ಸಿಯಾಟಲ್‌ನ ಗಣ್ಯರ ಒಂದು ತಂಡ ಹಡಗಿನಲ್ಲಿ ವಿಹಾರಕ್ಕೆ ಬಂದಿತ್ತು. ಜನ ಮೀನು ಹಿಡಿಯಲು ಹೋಗಿ ಊರು ಖಾಲಿ ಇದ್ದ ಹೊತ್ತು ನೋಡಿ, ಅವರು ಒಂದು ಕಂಬವನ್ನು ಮರ ಕಡಿದಂತೆ ಕಡಿದು ಕೆಡವಿದರು. ಉರುಳಿಸಲು ಭಾರವೆಂದು ಎರಡು ತುಂಡು ಮಾಡಿ ಹಡಗಿಗೆ ಏರಿಸಿದರು, ತಮ್ಮ ಊರಿನ ಚೌಕದಲ್ಲಿ ನಿಲ್ಲಿಸಿದರು. ವ್ಯಾಜ್ಯವಾಯಿತು, 500 ಡಾಲರಿಗೆ ಮುಗಿಯಿತು. 1938ರಲ್ಲಿ ಯಾರೋ ಅದಕ್ಕೆ ಬೆಂಕಿಯಿಟ್ಟರು. ಆಗ ಅದೇ ಜಾಗಕ್ಕೆ ಹೊಸ ಪ್ರತಿ ಕೆತ್ತಿಕೊಟ್ಟವರು ಮತ್ತೆ ಕ್ಲಿಂಕಿಟ್ ಕುಶಲಿಗರೇ.

“ದಿನಾ ಆಫೀಸಿಗೆ ಹೋಗುವಾಗ ನೋಡ್ತೇನೆ ಮಾವ, ಅದು ಕದ್ದ ಮಾಲು ಅಂತ ಗೊತ್ತಿರಲಿಲ್ಲ” ಎಂದಿದ್ದ ಅಳಿಯ.

ಈ ಕೇಂದ್ರಕ್ಕೆ ಕಂಬಗಳು ಬಂದ ರೀತಿ ಬೇರೆ. ಹಳೆಯ ಊರುಗಳ ಹಕ್ಕುದಾರರಾದ ಹಿರಿಯರನ್ನು ಕೇಳಿ, ಅವರು ಒಪ್ಪಿದ ಮೇಲೆ, ಕಾಡು ನುಂಗುತ್ತಿದ್ದ ದಿಮ್ಮಿಗಳನ್ನು ದೋಣಿಯಲ್ಲಿ ತಂದದ್ದು. ತಂದ ಮೇಲೆ ಸವೆದ ಮೂಗಿಗೆ ಹೊಸ ಮೂಗು ಅಂಟಿಸಲಿಲ್ಲ, ಬಣ್ಣ ಬಳಿಯಲಿಲ್ಲ. ಕಾಡು ಎಷ್ಟು ತಿಂದಿತ್ತೋ ಅಷ್ಟಕ್ಕೇ ನಿಲ್ಲಿಸಿ, ತಲೆಯ ಮೇಲೆ ಒಂದು ಸೂರು ಕೊಟ್ಟರು.

*

‘ಟೋಟೆಮ್’ ಎಂಬುದು ಈ ಜನರ ಮಾತೇ ಅಲ್ಲ. ಸಾವಿರಾರು ಮೈಲಿ ದೂರದ ಮಹಾಸರೋವರಗಳ ಬದಿಯ ಒಜಿಬ್ವೆ ಜನರ ಪದವನ್ನು ಬಿಳಿಯರು ಎತ್ತಿ ತಂದು ಇಲ್ಲಿಯ ಕಂಬಗಳಿಗೆ ಅಂಟಿಸಿದರು. ಕ್ಲಿಂಕಿಟರ ಮಾತಿನಲ್ಲಿ ಇದು ‘ಕೂಟೇಯಾ’. ಬಂದ ಪಾದ್ರಿಗಳು ಇವನ್ನು ವಿಗ್ರಹವೆಂದು ತಿಳಿದರು, ಕೆಲವೆಡೆ ಕಡಿಸಿದರು, ಸುಡಿಸಿದರು. ಆದರೆ ಈ ಕಂಬಗಳಿಗೆ ಯಾರೂ ಎಂದೂ ಕೈಮುಗಿದವರಲ್ಲ. ನಮ್ಮ ಕಡೆಯದನ್ನೇ ಹೋಲಿಕೆಗೆ ತರುವುದಾದರೆ ಗರುಡಗಂಬಕ್ಕಿಂತ ವೀರಗಲ್ಲು ಹತ್ತಿರ, ಶಾಸನ ಇನ್ನೂ ಹತ್ತಿರ. ಸತ್ತ ಮುಖಂಡನ ನೆನಪಿಗೆ ಒಂದು, ಅವನ ಬೂದಿಯನ್ನು ಬೆನ್ನಿನ ಗೂಡಿನಲ್ಲಿ ಹೊತ್ತದ್ದು ಒಂದು, ಮನೆಯ ತೊಲೆಯನ್ನು ಹೊತ್ತದ್ದು ಮತ್ತೊಂದು. ಸಾಲ ತೀರಿಸದವನ ಮಾನ ತೆಗೆಯಲೆಂದೇ ನಿಲ್ಲಿಸಿದ ಕಂಬಗಳೂ ಉಂಟು.

ಕಂಬದ ಮೇಲಿನ ಪ್ರಾಣಿಗಳು ಕುಲದ ಗುರುತು. ಕ್ಲಿಂಕಿಟರ ಸಮಾಜ ಎರಡು ಪಕ್ಷವಾಗಿ ಒಡೆದಿದೆ. ಒಂದು ರೇವನ್ ಎಂಬ ದೊಡ್ಡ ಕಾಗೆಯದು, ಇನ್ನೊಂದು ಹದ್ದಿನದು. ಕೆಲವೆಡೆ ಹದ್ದಿನ ಬದಲು ತೋಳ. ಕಾಗೆಯವರು ಕಾಗೆಯವರೊಳಗೆ ಮದುವೆಯಾಗುವಂತಿಲ್ಲ. ಪಕ್ಷದೊಳಗೆ ಕರಡಿ, ಕಪ್ಪೆ, ಬೀವರ್, ಕೊಲೆಗಡುಕ ತಿಮಿಂಗಿಲ ಎಂದು ಒಂದೊಂದು ಕುಲಕ್ಕೂ ಅದರದರ ಲಾಂಛನ. ಮಗು ತಾಯಿಯ ಕುಲಕ್ಕೆ ಸೇರುತ್ತದೆ. ಹುಡುಗ ಎಂಟು ಹತ್ತು ವರ್ಷದವನಾದ ಮೇಲೆ ಅವನನ್ನು ಬೆಳೆಸುವುದು ತಂದೆಯಲ್ಲ, ಸೋದರಮಾವ. ಮಾವನ ಹೆಸರು, ಪಟ್ಟ, ಕಥೆ ಎಲ್ಲ ಅಳಿಯನಿಗೆ.

ಗೋಡೆಯ ಮೇಲಿನ ಬರಹದಲ್ಲಿ ಇದನ್ನು ಓದುತ್ತ ಇಬ್ಬರೂ ಒಟ್ಟಿಗೆ ತಲೆಯೆತ್ತಿದೆವು.

“ಎಂತ ಮಾವ ಇದು, ನಮ್ಮ ಅಳಿಯಕಟ್ಟೇ ಅಲ್ವಾ?”

“ಹೌದು ಮಾರಾಯ. ಇಲ್ಲಿ ಹುಟ್ಟಿದ್ದರೆ ನನ್ನದೆಲ್ಲ ನಿನಗೇ.”

“ಅಲ್ಲಿ ಹುಟ್ಟಿದ್ದಕ್ಕೂ ಹಾಗೇ ಆಗಬೇಕಿತ್ತು. ನಾನು ಎರಡು ತಲೆಮಾರು ತಡ ಮಾಡಿದೆ.”

ನಗು ಸ್ವಲ್ಪ ದೊಡ್ಡದಾಯಿತು. ಪಿಸುಮಾತಿನವರು ತಿರುಗಿ ನೋಡಿದರು.

ಈ ಲೆಕ್ಕಾಚಾರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ವಿಚಾರ. ಒಂದು ಕುಲ ಕಂಬ ನಿಲ್ಲಿಸಬೇಕಾದರೆ ಕೆತ್ತುವ ಕೆಲಸ ಎದುರು ಪಕ್ಷದವನಿಗೆ ಹೋಗುತ್ತದೆ. ಕಂಬ ಏಳುವ ದಿನ ಎದುರು ಪಕ್ಷದವರೆಲ್ಲ ನೆಂಟರು. ಅವರಿಗೆ ದಿನಗಟ್ಟಲೆ ಊಟ, ಕುಣಿತ, ಕೊನೆಗೆ ಉಡುಗೊರೆ: ಕಂಬಳಿ, ತಾಮ್ರದ ಫಲಕ, ಹಣ. ಹೊರಗಿನವರಿಗೆ ಇದು ‘ಪಾಟ್‌ಲ್ಯಾಚ್’ ಎಂದು ಗೊತ್ತು. ದುಂದುಗಾರಿಕೆ ಎಂದು ಹೆಸರಿಟ್ಟು ಪಕ್ಕದ ಕೆನಡಾದ ಸರ್ಕಾರ 1885ರಿಂದ 1951ರವರೆಗೆ ಅದನ್ನು ಕಾನೂನಿನಿಂದಲೇ ನಿಷೇಧಿಸಿತ್ತು. ಒಳಗಿನವರ ಲೆಕ್ಕದಲ್ಲಿ ಅದು ಕೂಲಿ. ನೆಂಟರು ಉಣ್ಣಲಷ್ಟೇ ಬಂದವರಲ್ಲ, ನೋಡಲು ಬಂದವರು. ಈ ಲಾಂಛನ ಈ ಕುಲದ್ದು, ಈ ಹೆಸರು ಇನ್ನು ಈ ಅಳಿಯನದು ಎಂಬುದಕ್ಕೆ ಬರಹವಿಲ್ಲದ ನಾಡಿನಲ್ಲಿ ಅವರೇ ಕಾಗದಪತ್ರ. ಉಡುಗೊರೆ ತೆಗೆದುಕೊಂಡವನು ನೋಡಿದ್ದನ್ನು ನೆನಪಿಡಬೇಕು, ನಾಳೆ ತಕರಾರು ಬಂದರೆ ಎದ್ದು ಹೇಳಬೇಕು.

ಅಂದರೆ ಈ ಕಟ್ಟಳೆಯಲ್ಲಿ ಕಂಬ ನೋಡಿದವನಿಗೆ ಮನೆಯವರೇ ಹಣ ಕೊಡುತ್ತಾರೆ. ನಾನು ಹಣ ಕೊಟ್ಟು ನೋಡುತ್ತಿದ್ದೆ. ಕೊಟ್ಟದ್ದರಿಂದ, ನೆನಪಿಡುವ ಹೊಣೆಯೇನೂ ನನಗಿಲ್ಲ ಎಂಬ ಹಗುರ ನನ್ನೊಳಗೆ ಆಗಲೇ ಬಂದು ಕೂತಿತ್ತು. ಜೇಬಿನಲ್ಲಿದ್ದ ಟಿಕೆಟ್ ಅದರ ರಸೀದಿ.

*

ಮಲಗಿಸಿಟ್ಟ ಒಂದು ತುಂಡಿನ ಹತ್ತಿರ ಬಹಳ ಹೊತ್ತು ನಿಂತೆ. ಮುಂದಿನ ಎರಡು ಹಲ್ಲು ಉದ್ದ, ಬಾಲದ ಮೇಲೆ ಚೌಕಳಿ ಗೀರು: ಬೀವರ್ ಎಂದು ಮಕ್ಕಳೂ ಹೇಳಬಹುದು. ಗುರುತು ಹಿಡಿಯುವ ಸೂತ್ರ ಸರಳ. ಕೊಕ್ಕು ನೇರವಾಗಿದ್ದರೆ ಕಾಗೆ, ಕೆಳಕ್ಕೆ ಬಾಗಿದ್ದರೆ ಹದ್ದು, ಬೆನ್ನ ಮೇಲೆ ಈಜುರೆಕ್ಕೆ ಎದ್ದಿದ್ದರೆ ತಿಮಿಂಗಿಲ. ಆದರೆ ಬೀವರ್ ಎಂದು ಗುರುತಿಸಿದ ಮಾತ್ರಕ್ಕೆ ಕಂಬ ಓದಿದಂತಾಗಲಿಲ್ಲ. ಈ ಬೀವರ್ ಯಾರ ಮನೆಗೆ ಯಾಕೆ ಬಂತು ಎಂಬ ಕಥೆ ಆ ಕುಲದ ಆಸ್ತಿ. ಹಕ್ಕಿಲ್ಲದವರು ಅದನ್ನು ಹೇಳಬಾರದು. ಹಕ್ಕಿದ್ದವರು ಎಷ್ಟೋ ಕಂಬಗಳ ಪಾಲಿಗೆ ಸಿಡುಬಿನ ವರ್ಷಗಳಲ್ಲೇ ಹೋಗಿಬಿಟ್ಟರು.

ಮುಖದ ಮೇಲಿಂದ ಕಣ್ಣು ತೆಗೆದು ಮರವನ್ನು ನೋಡಿದೆ. ಕೆನ್ನೆಯ ಮೇಲೆ ಸಾಲುಸಾಲಾಗಿ ಸಣ್ಣ ತಗ್ಗುಗಳು, ಮೀನಿನ ಹುರುಪೆಯ ಹಾಗೆ. ಬಾಚಿಯ ಏಟುಗಳು. ಒಂದೊಂದೂ ಹೆಬ್ಬೆರಳಿನ ಅಗಲ, ಒಂದರ ಅಂಚಿಗೆ ಇನ್ನೊಂದು. ನೂರಾರು ಏಟುಗಳಲ್ಲಿ ಒಂದೂ ಸಾಲು ತಪ್ಪಿಲ್ಲ. ಕಣ್ಣಿನ ಗುಳಿಯ ಬಳಿ ಬಂದಾಗ ಏಟು ಚಿಕ್ಕದಾಗುತ್ತದೆ, ಕೈ ನಿಧಾನಿಸಿದ್ದು ತಿಳಿಯುತ್ತದೆ. ರೆಪ್ಪೆಯ ಅಂಚಿನಲ್ಲಿ ಬಾಚಿಯಿಲ್ಲ, ಬಾಗಿದ ಚಾಕುವಿನ ಒಂದೇ ಗೀಟು. ಒಳಕ್ಕೆ ಬಗ್ಗಿ ನೋಡಿದರೆ ಆ ಗುಳಿಯ ಆಳದಲ್ಲಿ, ಮಳೆ ತಲುಪಲಾಗದ ಕಡೆ, ಉಗುರಿನಷ್ಟು ಕಪ್ಪು. ಬಣ್ಣವೋ ಕೊಳೆಯೋ ಹೇಳಲಾರೆ. ಬಣ್ಣವೇ ಆಗಿದ್ದರೆ ಅದನ್ನು ತಯಾರಿಸಿದ ಬಗೆ ಇದು: ಕಪ್ಪಿಗೆ ಇದ್ದಿಲು, ಕೆಂಪಿಗೆ ಕಾವಿಕಲ್ಲು, ನೀಲಿ ಹಸಿರಿಗೆ ತಾಮ್ರದ ಕಿಲುಬು. ಅದನ್ನು ಮರಕ್ಕೆ ಹಿಡಿಸಲು ಸಾಲ್ಮನ್ ಮೀನಿನ ಮೊಟ್ಟೆಗಳನ್ನು ಸೀಡರ್ ತೊಗಟೆಯ ಜೊತೆ ಬಾಯಲ್ಲಿ ಅಗಿದು ಉಗುಳಿದ ರಸ. ಹೊರಗಿನ ಹೊಳೆಯಲ್ಲಿ ಬಾಲ ಬಡಿಯುತ್ತಿದ್ದವಲ್ಲ, ಅವುಗಳ ಮೊಟ್ಟೆ.

ಮರ ಕೆಂಪು ಸೀಡರ್. ನೇರ ಎಳೆ, ಬಾಚಿಗೆ ಬಗ್ಗುವ ಮೃದು, ಜೊತೆಗೆ ಕೊಳೆತವನ್ನು ತಡೆಯುವ ಎಣ್ಣೆ. ಭಾರ ಇಳಿಸಲು ಮತ್ತು ಸೀಳು ಬಿಡದಿರಲು ಬೆನ್ನನ್ನು ತೋಡಿ ಟೊಳ್ಳು ಮಾಡುತ್ತಾರೆ. ಇಷ್ಟೆಲ್ಲ ಆದರೂ ಈ ಮಳೆಯಲ್ಲಿ ಕಂಬದ ಆಯುಸ್ಸು ಮನುಷ್ಯನ ಆಯುಸ್ಸಿಗಿಂತ ಬಹಳ ಹೆಚ್ಚಲ್ಲ, ಎಂಬತ್ತು ತೊಂಬತ್ತು ವರ್ಷ. ಬಿದ್ದರೆ ಎತ್ತಿ ನಿಲ್ಲಿಸುವ ರೂಢಿ ಇರಲಿಲ್ಲ. ಬಿದ್ದದ್ದನ್ನು ಪಾಚಿಗೆ ಬಿಡುವುದು. ಕುಲಕ್ಕೆ ತ್ರಾಣವಿದ್ದರೆ ಮತ್ತೆ ನೆಂಟರನ್ನು ಕರೆದು ಹೊಸದನ್ನು ನಿಲ್ಲಿಸುವುದು. ಹಾಗಾದರೆ ಬಿದ್ದವನ್ನು ಸೂರಿನಡಿ ತಂದಿಟ್ಟದ್ದು ಸರಿಯೇ? ಉತ್ತರ ಪಕ್ಕದ ಕೋಣೆಯಲ್ಲಿ ಸಿಕ್ಕಿತು.

*

ಅದು ಪಾಠದ ಕೋಣೆ. ಈ ಕೇಂದ್ರ ಕೆತ್ತನೆ, ಬುಟ್ಟಿ ಹೆಣಿಗೆ, ನೇಯ್ಗೆಗಳ ಶಾಲೆಯೂ ಹೌದು. ಬಾಚಿ ಹಿಡಿಯಲು ಕಲಿಯುವವರು ಆಚೆ ಹೋಗಿ ಆ ಬೂದು ಕೆನ್ನೆಯ ಮುಂದೆ ಕೂತು ಅಳತೆ ತೆಗೆದುಕೊಂಡು ಬರುತ್ತಾರೆ. ಕಲಿಸುವ ಕೈಗಳ ಸರಣಿ ನಡುವೆ ಹರಿದುಹೋದ ಕಾಲದಲ್ಲಿ ಏಟಿನ ಓರೆ, ಗೀಟಿನ ಆಳ ಮರದಲ್ಲಷ್ಟೇ ಉಳಿದಿತ್ತು. ಬಣ್ಣ ಬಳಿದಿದ್ದರೆ, ಮೂಗು ಅಂಟಿಸಿದ್ದರೆ, ಆ ಅಕ್ಷರಗಳೇ ಅಳಿಸಿ ಹೋಗುತ್ತಿದ್ದವು.

ಒಂದು ಕಡೆ ಮರದ ಪೆಟ್ಟಿಗೆಯೊಂದಿತ್ತು. ನಾಲ್ಕು ಪಕ್ಕ, ಆದರೆ ಹಲಗೆ ಒಂದೇ. ಮೂರು ಕಡೆ ತೋಡು ತೆಗೆದು, ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಮಡಿಸಿ, ನಾಲ್ಕನೆಯ ಮೂಲೆಯನ್ನು ಮಾತ್ರ ಮರದ ಮೊಳೆ ಹೊಡೆದೋ ಬೇರಿನಿಂದ ಹೊಲಿದೋ ಕೂಡಿಸುತ್ತಾರೆ. ನೀರು ತುಂಬಿದರೂ ಸೋರುವುದಿಲ್ಲ. ಕಾದ ಕಲ್ಲು ಹಾಕಿ ಇದರಲ್ಲೇ ಅಡುಗೆ ಮಾಡುತ್ತಿದ್ದರು.

ಕಿಟಕಿಯ ಬಳಿ ಹಿರಿಯ ಹೆಂಗಸೊಬ್ಬರು ಸೀಡರ್ ನಾರಿನ ಟೊಪ್ಪಿ ಹೆಣೆಯುತ್ತ ಕುಳಿತಿದ್ದರು. ಪಕ್ಕದ ಬೋಗುಣಿಯಲ್ಲಿ ನೆನೆಹಾಕಿದ ಪಟ್ಟಿಗಳು. ಒಂದನ್ನು ಎತ್ತಿಕೊಂಡು ಹೆಬ್ಬೆರಳ ಉಗುರಿನಿಂದ ಅಂಚು ಬಿಡಿಸಿ, ಎರಡು ಕೈಯಿಂದ ಸಮವಾಗಿ ಎಳೆದರು. ಪಟ್ಟಿ ಎರಡಾಯಿತು, ಎರಡು ನಾಲ್ಕಾಯಿತು. ಅಡಿಕೆ ಹಾಳೆಯ ಒಳಪದರ ಸುಲಿದ ಹಾಗಿತ್ತು. ಬೇಸಿಗೆಯ ಮೊದಲಲ್ಲಿ, ಮರಕ್ಕೆ ರಸವೇರುವಾಗ, ಬುಡದಲ್ಲಿ ಒಂದು ಕಚ್ಚು ಹಾಕಿ ತೊಗಟೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಾರಂತೆ. “ಎರಡು ಕೈಯಗಲಕ್ಕಿಂತ ಹೆಚ್ಚು ತೆಗೆಯಬಾರದು. ಅಷ್ಟಾದರೆ ಮರ ಬದುಕುತ್ತದೆ” ಎಂದರು. ಟೊಪ್ಪಿಯಲ್ಲಿ ಮಳೆ ಸೋರುವುದಿಲ್ಲವೇ ಎಂದು ಕೇಳಿದೆ. ನನ್ನ ತೊಯ್ದ ತಲೆಯನ್ನೊಮ್ಮೆ ನೋಡಿ, “ನೆನೆದಷ್ಟೂ ನಾರು ಉಬ್ಬುತ್ತದೆ, ಹೆಣಿಗೆ ಬಿಗಿಯಾಗುತ್ತದೆ” ಎಂದರು. ಮಳೆಯಿಂದಲೇ ಮಳೆಗೆ ಬಾಗಿಲು ಹಾಕುವ ಉಪಾಯ.

ಈ ಊರಿನ ಹೈಡಾ ಹೆಣಿಗೆಗಾರ್ತಿ ಡೆಲೋರೆಸ್ ಚರ್ಚಿಲ್ ಅವರ ಹೆಸರು ಮಾತಿನ ನಡುವೆ ಬಂತು. ಅವರಿಗೆ ಕಲಿಸಿದವರು ತಾಯಿ ಸೆಲಿನಾ ಪೆರಟ್ರೊವಿಚ್. ಮೊದಮೊದಲ ವರ್ಷಗಳಲ್ಲಿ ಮಗಳು ಹೆಣೆದ ಬುಟ್ಟಿಗಳನ್ನೆಲ್ಲ ತಾಯಿ ಬೆಂಕಿಗೆ ಹಾಕಿಸುತ್ತಿದ್ದರಂತೆ. ನನ್ನಿಂದ ಕಲಿತೆ ಎನ್ನಬೇಕಾದರೆ ಕೆಲಸ ಹಾಗಿರಬೇಕು ಎಂಬ ಹಟ. ಅದೇ ಮಗಳಿಗೆ 2006ರಲ್ಲಿ ಅಮೆರಿಕದ ರಾಷ್ಟ್ರೀಯ ಪರಂಪರಾ ಫೆಲೋಶಿಪ್ ಬಂತು. 1999ರಲ್ಲಿ ಕೆನಡಾದ ವಾಯವ್ಯ ಭಾಗದಲ್ಲಿ ಕರಗುತ್ತಿದ್ದ ಹಿಮನದಿಯೊಳಗೆ ಶತಮಾನಗಳ ಹಿಂದೆ ತೀರಿಕೊಂಡ ಒಬ್ಬ ಯುವಕನ ದೇಹ ಸಿಕ್ಕಿತ್ತು, ಜೊತೆಗೆ ಸ್ಪ್ರೂಸ್ ಮರದ ಬೇರಿನಿಂದ ಹೆಣೆದ ಅವನ ಟೊಪ್ಪಿ. ಆ ಟೊಪ್ಪಿಯ ಒಂದೊಂದು ಎಳೆಯನ್ನೂ ಓದಿ, ಹಾಗೆಯೇ ಇನ್ನೊಂದನ್ನು ಹೆಣೆಯಲು ಕೂತವರು ಈಕೆ. ಸುಟ್ಟ ಬುಟ್ಟಿಗಳಿಂದ ತಯಾರಾದ ಕೈ ಮಂಜಿನಲ್ಲಿ ಉಳಿದ ಟೊಪ್ಪಿಯನ್ನು ಓದಿತು.

ಹೊರಡುವಾಗ ಕಿಟಕಿಯ ಬಳಿಯ ಹೆಂಗಸು ಉಳಿದ ನಾರಿನ ಚೂರೊಂದನ್ನು ಎರಡು ಸುತ್ತು ಹೆಣೆದು, ಬೆರಳಿನ ಉಂಗುರದಷ್ಟು ಮಾಡಿ ನನ್ನ ಅಂಗೈಗೆ ಹಾಕಿದರು. ನನ್ನ ಕೈ ತನ್ನಷ್ಟಕ್ಕೆ ಪರ್ಸಿನತ್ತ ಹೋಯಿತು. ಬೇಡವೆಂದು ತಲೆಯಾಡಿಸಿ ಅವರು ಮತ್ತೆ ಹೆಣಿಗೆಗೆ ಬಗ್ಗಿದರು. ಅದನ್ನು ಟಿಕೆಟ್ಟಿದ್ದ ಜೇಬಿಗೇ ಹಾಕಿಕೊಂಡೆ.

*

ಹಡಗು ಹೊರಡಲು ಇನ್ನೂ ಎರಡು ಗಂಟೆ ಇತ್ತು. ಬಸ್ಸು ಹತ್ತಿ ಎರಡೂವರೆ ಮೈಲಿ ದಕ್ಷಿಣಕ್ಕೆ ಸ್ಯಾಕ್ಸ್‌ಮನ್‌ಗೆ ಹೋದೆವು. ಟಾಂಗಸ್ ಮತ್ತು ಕೇಪ್ ಫಾಕ್ಸ್ ಊರುಗಳನ್ನು ಬಿಟ್ಟವರು 1890ರ ದಶಕದಲ್ಲಿ ಬಂದು ಕಟ್ಟಿದ ಊರು ಇದು. 1938ರಿಂದ ಅಮೆರಿಕದ ಅರಣ್ಯ ಇಲಾಖೆ ಇಲ್ಲಿಯ ಕೆತ್ತುಗಾರರಿಗೆ ಕೂಲಿ ಕೊಟ್ಟು ಹಳೆಯ ಕಂಬಗಳನ್ನು ದುರಸ್ತಿ ಮಾಡಿಸಿತು, ಕೈಮೀರಿದವಕ್ಕೆ ಪ್ರತಿ ಕೆತ್ತಿಸಿತು. ಆರ್ಥಿಕ ಮುಗ್ಗಟ್ಟಿನ ಕಾಲದ ಕೂಲಿಗಾಗಿ ಕಾಳು ಯೋಜನೆ ಎನ್ನಿ. ಅದರಿಂದ ಕೆಲವು ಮುದುಕರ ಕೈಗೆ ಮತ್ತೆ ಬಾಚಿ ಬಂತು.

ಈಗ ಇಲ್ಲಿ ಕೆತ್ತನೆಯ ಕೊಟ್ಟಿಗೆಯೊಂದಿದೆ. ಒಳಗೆ ಕಾಲಿಟ್ಟರೆ ಸೀಡರಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಬೂದು ಕಂಬಗಳು ಮರೆತಿದ್ದ ವಾಸನೆ. ಕೆಂಪು ಚಕ್ಕೆಗಳ ರಾಶಿಯ ನಡುವೆ ಅರ್ಧ ಮೂಡಿದ ಕೊಕ್ಕೊಂದು ಮಲಗಿತ್ತು. ಈ ಕೊಟ್ಟಿಗೆಯ ಹಿರಿಯ ಹೆಸರು ನೇಥನ್ ಜ್ಯಾಕ್ಸನ್. ಮೀನು ಹಿಡಿಯುತ್ತಿದ್ದ ಯುವಕನಾಗಿದ್ದಾಗ ಇವರು ನ್ಯುಮೋನಿಯಾ ಬಂದು ಮಲಗಿ, ಹೊತ್ತು ಹೋಗಲೆಂದು ಪುಟ್ಟ ಕಂಬಗಳನ್ನು ಕೆತ್ತತೊಡಗಿದವರು.

ಹೊರಗೆ, ಬಣ್ಣ ಬಳಿದ ಕಂಬಗಳ ಸಾಲಿನಲ್ಲಿ, ನಾನು ನೋಡಲೇಬೇಕೆಂದು ಬಂದ ಕಂಬವಿತ್ತು. ತುದಿಯಲ್ಲಿ ಪೆಟ್ಟಿಗೆಯ ಮೇಲೆ ಕುಳಿತ ಒಬ್ಬ ಬಿಳಿಯ. ವಿಲಿಯಂ ಸೆವಾರ್ಡ್. 1867ರಲ್ಲಿ 72 ಲಕ್ಷ ಡಾಲರಿಗೆ ರಷ್ಯಾದಿಂದ ಅಲಾಸ್ಕಾವನ್ನು ಅಮೆರಿಕಕ್ಕೆ ಕೊಂಡ ಮಂತ್ರಿ. ಎರಡು ವರ್ಷದ ಬಳಿಕ, ತಾನು ಕೊಡಿಸಿದ ನೆಲವನ್ನು ನೋಡಲು ಬಂದಾಗ ಟಾಂಗಸ್‌ನ ಮುಖಂಡ ಎಬಿಟ್ಸ್ ದೊಡ್ಡ ಔತಣ ಮಾಡಿ ಉಡುಗೊರೆಗಳನ್ನು ಕೊಟ್ಟ. ಸೆವಾರ್ಡ್ ಉಂಡ, ತೆಗೆದುಕೊಂಡ, ಹೊರಟುಹೋದ. ಮರುಔತಣವಿಲ್ಲ, ಮರುಉಡುಗೊರೆಯಿಲ್ಲ. ಜನ ಹಲವು ವರ್ಷ ಕಾದರು. ಆಮೇಲೆ ಕಂಬ ನಿಲ್ಲಿಸಿದರು. ಬಾಕಿ ಉಳಿಸಿಕೊಂಡ ಜಿಪುಣ ಎಂದು ಎಲ್ಲರಿಗೂ ತಿಳಿಯಲೆಂದು ಅವನ ಮೂಗಿಗೂ ಕಿವಿಗೂ ಕೆಂಪು ಬಳಿದರು. ಆ ಕಂಬ ಹಳತಾಯಿತು, ಪ್ರತಿ ಬಂತು. ಪ್ರತಿಯೂ ಹಳತಾಗಲು, ನೇಥನ್ ಅವರ ಮಗ ಸ್ಟೀಫನ್ ಜ್ಯಾಕ್ಸನ್ 2017ರಲ್ಲಿ ಮತ್ತೊಂದನ್ನು ಕೆತ್ತಿದರು. ಮರ ಎರಡು ಸಲ ಬದಲಾಗಿದೆ. ಸಾಲ ಹಾಗೇ ಇದೆ.

ನಾನು ತಲೆಯೆತ್ತಿ ಆ ಮುಖವನ್ನೇ ನೋಡುತ್ತ ನಿಂತೆ. ಜೇಬಿನೊಳಗೆ ಬೆರಳಿಗೆ ನಾರಿನ ಉಂಗುರ ತಗಲಿತು. ಮಳೆ ಬಿಡದೆ ಸುರಿಯುತ್ತಿತ್ತು.

“ಮಾವ, ಅಲ್ಲೇ ನಿಲ್ಲಿ, ಒಂದು ಫೋಟೊ” ಎಂದ ಅಳಿಯ. ತೆಗೆದು, ಪರದೆ ನೋಡಿ, ನಗು ತಡೆಯಲಾಗದೆ ಫೋನನ್ನು ನನ್ನ ಕೈಗಿಟ್ಟ.

ಮೇಲೆ ಸೆವಾರ್ಡ್, ಕೆಳಗೆ ನಾನು. ಇಬ್ಬರ ಮೂಗು, ಇಬ್ಬರ ಕಿವಿ, ಒಂದೇ ಕೆಂಪು.